ಜೂನ್ ಒಂದರಂದು ಹುಟ್ಟಿದವರು

ಹೆದರಿಕೆ ಎನ್ನುವುದು ಕೆಲವರ ಮನೆಗೆ ಬಂದು ಹೋಗುವ ನೆಂಟಿತ್ತಿ. ನನಗೆ ಅವಳು ಒಂದೇ ಮನೆಯಲ್ಲಿ ಬಾಳುವ ಓರಗಿತ್ತಿ. ನಾನು ಏಳುವ ಮೊದಲೇ ಎದ್ದಿರುತ್ತಾಳೆ, ನಾನು ಒಲೆ ಹಚ್ಚುವಾಗ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾಳೆ. ಫೋನು ಹೊಡೆದುಕೊಂಡರೆ ಏನಾಯಿತೋ ಎಂದು ಹೆದರುತ್ತೇನೆ, ಹೊಡೆದುಕೊಳ್ಳದಿದ್ದರೆ ಯಾಕೆ ಯಾರೂ ಮಾಡಲಿಲ್ಲವೋ ಎಂದು ಹೆದರುತ್ತೇನೆ. ಬ್ಯಾಂಕಿನಲ್ಲಿ ನನ್ನ ಹೆಸರು ಕೂಗಿದರೆ ನನ್ನದಲ್ಲ ಎನ್ನುವ ಹಾಗೆ ಪಕ್ಕದವರ ಮುಖ ನೋಡುತ್ತೇನೆ. ಕುಕ್ಕರ್ ಎರಡು ಸಲ ಕೂಗಿ ಮೂರನೆಯ ಸಲಕ್ಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿರುತ್ತದಲ್ಲ, ಆ ಮೌನವನ್ನು ನಾನು ಹಿತ್ತಿಲಿನಲ್ಲಿ ನಿಂತು ಕಳೆಯುತ್ತೇನೆ. ಮಕ್ಕಳೇ, ನಿಮ್ಮ ಅಜ್ಜಿ ಇಂಥವಳು ಎಂದು ನಿಮಗೆ ಗೊತ್ತೇ ಇದೆ. ಆದರೆ ಈ ಎಲ್ಲ ಹೆದರಿಕೆಗಳಿಗೂ ಯಜಮಾನಿಯಂಥ ಒಂದು ಹೆದರಿಕೆ ಇದೆ. ಅದು ನಾಲ್ಕು ಜನರ ಮುಂದೆ ನಿಂತು ಬಾಯಿ ಬಿಡುವುದು.

ಇದು ಇಂದು ನಿನ್ನೆಯದಲ್ಲ. ಮದುವೆಯಾಗಿ ಹುಲ್ಲಹಳ್ಳಿ ಹತ್ತಿರದ ಈ ಊರಿಗೆ ಬಂದಾಗ ಹೊಸಿಲಿನ ಮೇಲೆ ನನ್ನನ್ನು ನಿಲ್ಲಿಸಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಎಂದು ನಾದಿನಿಯರು ಅಡ್ಡ ಕೈ ಹಿಡಿದರು. ಬೇರೆ ಹೆಣ್ಣುಮಕ್ಕಳು ಅದಕ್ಕೆಂದೇ ಪ್ರಾಸ ಕಟ್ಟಿಕೊಂಡು ಬಂದಿರುತ್ತಾರೆ. ನಿಮ್ಮ ತಾತನ ಹೆಸರೇನು ಕಷ್ಟದ ಹೆಸರಲ್ಲ. ನಂಜುಂಡಯ್ಯ. ನಂಜನಗೂಡು ತಾಲ್ಲೂಕಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಆ ಹೆಸರಿನ ಒಬ್ಬರಿಗೆ ತಗುಲಲೇಬೇಕು. ಆದರೂ ನನಗೆ ಬರಲಿಲ್ಲ. ದೀಪ ಹಿಡಿದವರ ಕೈ ಸೋತಿತು, ಓಲಗದವರು ಊಟಕ್ಕೆ ಎದ್ದುಹೋದರು, ಸೇರಕ್ಕಿಯ ಮುಂದೆ ನಾನು ನಿಂತೇ ಇದ್ದೆ. ಕೊನೆಗೆ ನಮ್ಮತ್ತೆ, ನಿಮ್ಮ ಮುತ್ತಜ್ಜಿ, ಪಕ್ಕದವರ ಕಿವಿಯಲ್ಲಿ, "ಮೂಗೀನ ತಂದ್ಬುಟ್ಟೋ ಏನೋ, ವಿಚಾರ್ಸ್‌ನೇ ಇಲ್ವಲ್ಲ ನಾವು," ಎಂದದ್ದು ನನಗೇ ಕೇಳಿಸಿತು. ಆಮೇಲೆ ನಿಮ್ಮ ತಾತನೇ ತಮ್ಮ ಹೆಸರನ್ನು ತಾವೇ ಹೇಳಿ ನನ್ನನ್ನು ಒಳಗೆ ಕರೆದುಕೊಂಡರು. ಬರೆಯುವಾಗ ಮಾತ್ರ ಆ ಹೆಸರು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅವರು ಕೇಳಿಸಿಕೊಳ್ಳಲು ಇಲ್ಲದಿರುವಾಗ.

ಇಂಥ ನನ್ನ ಬಾಳಿನಲ್ಲಿ ಇತಿಹಾಸ ಎಂಬುದು ಬಂದು ಸೇರಿದ್ದು ಮೊಮ್ಮಗಳು ಹರ್ಷಿತಳಿಂದ, ನಿಮ್ಮ ಮಹದೇವ ಮಾವನ ಮಗಳಿಂದ. ಅವಳು ಓದುವ ನಂಜನಗೂಡಿನ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗಿ 'ಇತಿಹಾಸದಲ್ಲಿ ಈ ದಿನ' ಎಂದು ಓದಬೇಕು. ಹೋದ ವರ್ಷ ಆ ಕೆಲಸ ಇವಳಿಗೆ ಬಂತು. ಸಂಜೆ ಅಪ್ಪನ ಫೋನಿನಲ್ಲಿ ಹುಡುಕುವುದು, ಹಾಳೆಯಲ್ಲಿ ಬರೆಯುವುದು, ಆಮೇಲೆ ನಾನು ತೊಗರಿಬೇಳೆ ಆರಿಸುತ್ತಾ ಕುಳಿತಿದ್ದರೆ ನನ್ನ ಮುಂದೆ ನಿಂತು ಗಟ್ಟಿಯಾಗಿ ಓದುವುದು. ಮೊದಲ ದಿನವೇ ನಾನು ಕಲ್ಲನ್ನು ಮೊರದಲ್ಲಿ ಬಿಟ್ಟು ಬೇಳೆಯನ್ನು ಆರಿಸಿ ಎಸೆದೆ. ಜನವರಿ ಇಪ್ಪತ್ತಾರು ಎಂದರೆ ನನ್ನ ಮಟ್ಟಿಗೆ ಬಾವುಟ ಮತ್ತು ಬೂಂದಿ. ಇವಳು ಓದಿದಳು: ಗಣರಾಜ್ಯವಾದದ್ದೂ ಅದೇ ದಿನ, ಗುಜರಾತಿನಲ್ಲಿ ಭೂಮಿ ನಡುಗಿ ಊರೂರೇ ಬಿದ್ದದ್ದೂ ಅದೇ ದಿನ. ನವೆಂಬರ್ ಒಂದು ನಮ್ಮ ರಾಜ್ಯ ಹುಟ್ಟಿದ ದಿನ, ಅದೇ ತಾರೀಖಿನಲ್ಲಿ ಎಂದೋ ಪೋರ್ಚುಗಲ್ ಎಂಬ ದೇಶದ ದೊಡ್ಡ ಊರೊಂದು ನೆಲಕ್ಕೆ ಬಿದ್ದಿತಂತೆ. ಕ್ರಿಸ್‌ಮಸ್ ಆದ ಮಾರನೆಯ ದಿನ ಸಮುದ್ರವೇ ಎದ್ದು ಮನೆಗಳೊಳಗೆ ಬಂದಿತ್ತಂತೆ. "ಒಳ್ಳೇದು ಯಾವ್ದೂ ಆಗಿಲ್ವೇನೆ ಈ ಪ್ರಪಂಚದಲ್ಲಿ?" ಎಂದು ಕೇಳಿದೆ. "ಆಗಿದೆ ಅಜ್ಜಿ, ಮನುಷ್ಯ ಚಂದ್ರನ ಮೇಲೆ ಇಳಿದ," ಎಂದಳು. ಅಷ್ಟು ಎತ್ತರ ಹೋದವನು ವಾಪಸ್ಸು ಬರುವವರೆಗೆ ಅವನ ತಾಯಿ ಏನು ಪಾಡುಪಟ್ಟಳೋ ಎಂದು ನನಗೆ ಆ ಸಂಜೆಯೂ ಸಾರಿಗೆ ಉಪ್ಪು ಹಾಕುವುದು ಮರೆತುಹೋಯಿತು.

ನಮ್ಮ ಕಾಲದಲ್ಲಿ ದಿನಗಳಿಗೆ ಈ ಕಾಟವಿರಲಿಲ್ಲ. ಅಮಾವಾಸ್ಯೆಗೆ ಎತ್ತು ಕಟ್ಟುವುದಿಲ್ಲ, ಸೋಮವಾರ ನಂಜುಂಡನದು, ಆರಿದ್ರಾ ಮಳೆ ಬಂದರೆ ಬಿತ್ತನೆ, ಅಷ್ಟೆ. ಒಂದು ದಿನ ಕಳೆದರೆ ಅದು ಕಳೆದೇ ಹೋಗುತ್ತಿತ್ತು, ಮುಂದಿನ ವರ್ಷ ಅದೇ ಹೆಸರಿಟ್ಟುಕೊಂಡು ಬಾಗಿಲು ತಟ್ಟುತ್ತಿರಲಿಲ್ಲ. ಈಗ ನನಗೆ ಕ್ಯಾಲೆಂಡರ್ ನೋಡಿದರೆ ಒಂದೊಂದು ಮನೆಯೊಳಗೂ ಏನೋ ಮುಳುಗುತ್ತಿರುವ ಹಾಗೆ, ಬೀಳುತ್ತಿರುವ ಹಾಗೆ ಕಾಣುತ್ತದೆ. ನಿಮ್ಮತ್ತೆ ಶೋಭಾ, ನನ್ನ ಸೊಸೆ, ಹಾಲಿನವನ ಗುರುತು ಹಾಕುವುದು ಆ ಮನೆಗಳಲ್ಲೇ. ಅವಳಿಗೆ ಏನೂ ಅನ್ನಿಸುವುದಿಲ್ಲ. "ಅತ್ತೆ, ಅದೆಲ್ಲ ಆಗೋಗಿರೋದು. ಆಗೋಗಿರೋದಕ್ಕೆ ಯಾರಾದ್ರೂ ಎದ್ರುಕತ್ತಾರಾ," ಎನ್ನುತ್ತಾಳೆ. ಆಗಿಹೋದದ್ದೇ ಇಷ್ಟಿದ್ದರೆ ಆಗಬೇಕಾದದ್ದು ಎಷ್ಟಿರಬಹುದು ಎಂದು ನಾನು ಅವಳಿಗೆ ಹೇಳಲಿಲ್ಲ. ಪಾಪ, ಹೊಲಿಗೆ ಮೆಷಿನ್ ಮುಂದೆ ಕೂತಿರುವವಳು, ಸೂಜಿ ಬೆರಳಿಗೆ ಚುಚ್ಚಿಕೊಂಡಾಳು.

ಹೀಗೆ ಇತಿಹಾಸವನ್ನು ದೂರದಿಂದ ನೋಡಿ ಹೆದರುತ್ತಿದ್ದ ನಾನು, ಬೇಸಿಗೆ ರಜೆಯಲ್ಲಿ ಒಂದು ದಿನ ಅದರೊಳಗೇ ಬಿದ್ದೆ. ಹರ್ಷಿತಳ ಜೊತೆ ನಂಜನಗೂಡಿಗೆ ಹೊರಟಿದ್ದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಆಧಾರ್ ಕಾರ್ಡು ತೋರಿಸಬೇಕು. ನನ್ನ ಕೈಯಿಂದ ಕಾರ್ಡು ಇಸಿದುಕೊಂಡು ಕಂಡಕ್ಟರಿಗೆ ತೋರಿಸಿದ ಹುಡುಗಿ ಅದನ್ನು ವಾಪಸ್ಸು ಕೊಡಲಿಲ್ಲ. ಕಣ್ಣು ಅರಳಿಸಿಕೊಂಡು, "ಅಜ್ಜಿ, ನೀನು ಹುಟ್ಟಿದ್ದು ಜೂನ್ ಒಂದು," ಎಂದಳು. ಹೌದು, ಅದರಲ್ಲೇನಿದೆ ಎಂದೆ. "ಅವತ್ತೇ ನಮ್ಮ ಸ್ಕೂಲು ಶುರು. ಪ್ರಾರಂಭೋತ್ಸವ ಮಾಡ್ತಾರೆ. ನಾನೇ ಓದ್ಬೇಕು ಅಜ್ಜಿ, ಜೂನ್ ಒಂದಕ್ಕೆ ನಂಗೆ ಎರಡೇ ಸಿಕ್ಕಿದ್ದು. ಒಂದು, ಭೂಮಿಯ ಅಯಸ್ಕಾಂತದ ಉತ್ತರ ತುದಿ ಎಲ್ಲಿದೆ ಅಂತ ಕಂಡುಹಿಡಿದಿದ್ದು. ಇನ್ನೊಂದು, ವಿಶ್ವ ಹಾಲಿನ ದಿನ. ಈಗ ಮೂರನೇದು ಸಿಕ್ತು." ಮೂರನೆಯದು ಏನು ಎಂದು ನಾನು ಕೇಳುವಷ್ಟರಲ್ಲಿ ಬಸ್ಸು ಚಿಕ್ಕಯ್ಯನ ಛತ್ರದ ತಿರುವಿನಲ್ಲಿ ವಾಲಿತು. ಇಳಿಯುವ ಹೊತ್ತಿಗೆ ಅವಳು ನನ್ನ ಫೋನಿನಲ್ಲೇ ಹೆಡ್‌ಮಿಸ್ ಜೊತೆ ಮಾತಾಡಿ ಮುಗಿಸಿದ್ದಳು. ಜೂನ್ ಒಂದರಂದು ಅಜ್ಜಿ ಶಾಲೆಗೆ ಬರುತ್ತಾರೆ, ಮೈಕಿನ ಮುಂದೆ ನಿಂತು ಮಕ್ಕಳಿಗೆ ನಾಲ್ಕು ಮಾತು ಹೇಳುತ್ತಾರೆ.

ಆ ದಿನ ನಂಜನಗೂಡಿನಿಂದ ಏನು ತಂದೆನೋ ಹೇಗೆ ಬಂದೆನೋ ನೆನಪಿಲ್ಲ. ಮನೆಗೆ ಬಂದು ಒಂದು ಚೊಂಬು ನೀರು ಕುಡಿದ ಮೇಲೆ ನನಗೆ ಒಂದು ದಾರಿ ಹೊಳೆಯಿತು. ಸತ್ಯ ಹೇಳಿಬಿಡುವುದು. "ಹರ್ಷಿತ, ಆ ತಾರೀಖು ನಂದಲ್ಲ ಕಣೆ, ಮೇಷ್ಟ್ರದು," ಎಂದೆ. ನಿಮಗೂ ಹೇಳಿಬಿಡುತ್ತೇನೆ. ನಾವು ಹುಟ್ಟಿದಾಗ ಯಾರೂ ಬರೆದಿಡುತ್ತಿರಲಿಲ್ಲ. ಮಗು ಸ್ವಲ್ಪ ಬೆಳೆದ ಮೇಲೆ ಅಪ್ಪ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ. ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು. ನಾನು ನಾಚಿಕೆಯಿಂದ ಕುಗ್ಗಿ ಹೋಗಿದ್ದೆ, ಕುಗ್ಗಿದವಳ ಕೈ ಕಿವಿಗೆ ಎಟುಕಲಿಲ್ಲ. ನಮ್ಮಪ್ಪನೇ ನನ್ನ ಕಿವಿಯನ್ನು ಮೇಲಕ್ಕೆ ಜಗ್ಗಿ ಕೈಗೆ ಮುಟ್ಟಿಸಿದ. ಯಾವತ್ತು ಹುಟ್ಟಿದ್ದು ಎಂದು ಕೇಳಿದರೆ ಯಾವ ಅಪ್ಪನಿಗೆ ಗೊತ್ತು? ಶಾಲೆ ಶುರುವಾಗುವುದು ಜೂನ್ ಒಂದಕ್ಕೆ, ಮೇಷ್ಟ್ರು ಅದನ್ನೇ ಬರೆದರು. ನನಗೂ ಅದೇ, ನನ್ನ ಹಿಂದೆ ನಿಂತಿದ್ದವನಿಗೂ ಅದೇ, ಮೂಗು ಸೋರಿಸುತ್ತಾ ಓಡಿಹೋದವನನ್ನು ಹಿಡಿದು ತಂದು ಅವನಿಗೂ ಅದೇ. ಬ್ರಹ್ಮ ಒಬ್ಬೊಬ್ಬರನ್ನು ಒಂದೊಂದು ದಿನ ಹುಟ್ಟಿಸಿ ದಣಿದ. ಮೇಷ್ಟ್ರು ಒಂದೇ ಬೆಳಿಗ್ಗೆ ಇಡೀ ಊರನ್ನು ಹುಟ್ಟಿಸಿ ಮಧ್ಯಾಹ್ನ ಊಟಕ್ಕೆ ಹೋದರು.

ನಿಮ್ಮ ತಾತನೂ ಜೂನ್ ಒಂದೇ. ನಾಲೆಗೆ ನೀರು ಬಿಡುವ ನೀರುಗಂಟಿಯಾಗಿ ಅವರು ಕೆಲಸ ಮಾಡಿದರಲ್ಲ, ಅವರು ನಿವೃತ್ತರಾದ ಮೇ ಮೂವತ್ತೊಂದರ ದಿನ ಕಚೇರಿಯಲ್ಲಿ ಹಾರ ಹಾಕಿಸಿಕೊಳ್ಳುವವರೇ ಸಾಲಾಗಿ ಕುಳಿತಿದ್ದರು, ಹಾರ ಹಾಕುವವರಿಗೆ ಬರ. ಕೊನೆಗೆ ಹಾರ ಹಾಕಿಸಿಕೊಂಡವರೇ ಎದ್ದು ಪಕ್ಕದವರಿಗೆ ಹಾಕಿ ಮತ್ತೆ ಕುಳಿತರಂತೆ. ಇದನ್ನೆಲ್ಲ ಹೇಳಿ, ನೋಡು, ಅದು ಸುಳ್ಳು ತಾರೀಖು, ಇತಿಹಾಸದಲ್ಲಿ ಸುಳ್ಳು ಓದಬಾರದು ಎಂದು ದೊಡ್ಡ ಮಾತಾಡಿದೆ. ಹರ್ಷಿತ ಬಿಡುವವಳಲ್ಲ. "ಹಂಗಾದ್ರೆ ನಿಜವಾಗಿ ಯಾವತ್ತು ಹುಟ್ಟಿದ್ದು?" ಎಂದಳು. ಅದು ಗೊತ್ತಿರುವವರು ಪ್ರಪಂಚದಲ್ಲಿ ಒಬ್ಬರೇ ಉಳಿದಿದ್ದರು. ಟಿ. ನರಸೀಪುರದಲ್ಲಿರುವ ನನ್ನ ಸೋದರತ್ತೆ ಚಿಕ್ಕತಾಯಮ್ಮ. ನನ್ನ ತವರು ಅಲ್ಲೇ ಹೊಳೆಯಂಚಿನ ಊರು, ನಾನು ಹುಟ್ಟಿದಾಗ ಅತ್ತೆ ಲಂಗ ಹಾಕುವ ಹುಡುಗಿ. ಮಾರನೆಯ ದಿನವೇ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ಒಂದೇ: ನಂಜುಂಡಪ್ಪ, ನನ್ನನ್ನು ದಸರಾ ರಜೆಯಲ್ಲಿ ಹುಟ್ಟಿಸಿರು.

ಅತ್ತೆ ಅಂಗಳದಲ್ಲಿ ಸಂಡಿಗೆ ಒಣಹಾಕಿಕೊಂಡು ಕುಳಿತಿದ್ದರು. ಹರ್ಷಿತಳನ್ನು ಕಾಗೆ ಓಡಿಸಲು ಕೂರಿಸಿ, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ನನ್ನ ಮಾತು ಕೇಳಿದರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಏನಮ್ಮಿ, ಈ ವಯಸ್ನಲ್ಲಿ ಉಟ್ಟಿದ್ ದಿನ ಕೇಳ್ಕಂಡ್ ಬಂದಿದ್ದೀಯೆ. ಯಾರಾರೂ ಎಣ್ಣ್ ನೋಡಕ್ ಬತ್ತಾವ್ರಾ?"

"ಇಸ್ಕೂಲ್ಗೆ ಬೇಕಂತೆ ಅತ್ತೆ, ಈ ಮಗೀಗೆ."

"ನೀನ್ ಉಟ್ಟಿದ್ದ ಯಾರಮ್ಮಿ ನೆಪ್ಪಿಕ್ಕಂಡವ್ರೆ. ಒಳೆ ಬಂದಿದ್ದು ನೆಪ್ಪದೆ." ಕುಟ್ಟಾಣಿ ನಾಲ್ಕು ಸಲ ಟಣ್ ಎಂದಿತು. "ಭೀಮನಮಾಸೆ. ವೈನಾಡ್ ಕಡೆ ಮಳೆ ಉಯ್ದು ಉಯ್ದು ಕಪ್ಲೆ ಕೆಳಗಲ ಬೀದಿಗೇ ಬಂದ್ಬುಡ್ತು."

"ಅಮಾಸೆ ದಿಸವೇ ಉಟ್ಟಿದ್ನಾ ಅತ್ತೆ?" ಎಂದೆ. ಇಷ್ಟು ವರ್ಷ ಬದುಕಿದ ಮೇಲೆ, ಅಮಾವಾಸ್ಯೆಯಲ್ಲಿ ಹುಟ್ಟಿದ್ದಕ್ಕೆ ಆಗಬಾರದ್ದು ಏನಾಗಬೇಕಿತ್ತೋ ಅದೆಲ್ಲ ಇನ್ನು ಮೇಲೆ ಒಟ್ಟಿಗೆ ಬರುತ್ತದೇನೋ ಎನ್ನಿಸಿತು.

"ಎದ್ರುಕಬ್ಯಾಡ ಕಣಮ್ಮಿ, ಮಾರ್ನೆ ದಿಸ. ಅಮಾಸೆ ದಿಸ ಒಳೆ ಬಂತು, ಮಾರ್ನೆ ದಿಸ ನೀನ್ ಬಂದೆ. ನಿಮ್ಮಪ್ಪ ಬದ್ನೆ ಪೈರಾಕಿದ್ದ, ಎಂಥಾ ಪೈರು ಗೊತ್ತಾ, ಒಂದ್ನೂ ಬುಡ್ನಿಲ್ಲ, ಕೊಚ್ಕಂಡೋಯ್ತು. ಅದ್ಕೇ ಅವ್ನು ನಿನ್ ಮೊಕ ನೋಡಕ್ ಬರ್ನಿಲ್ಲ, ಪೈರಿನ್ ತಾವೇ ಕುಂತಿದ್ದ."

ಕಾಗೆ ಓಡಿಸುವುದನ್ನು ಬಿಟ್ಟು ಹರ್ಷಿತ ಹತ್ತಿರ ಬಂದಳು. "ಆಮೇಲೆ?" ಎಂದಳು.

"ಆಮೇಕೆ ಏನು. ಸೂಲಗಿತ್ತಿ ಆಚೆ ದಡದೋಳು. ಆ ಒಳೇಲಿ ಅರಿಗೋಲಾಕಿ ಕರ್ಕಬರಕ್ ಓದ್ರು. ಅವ್ಳು ದಡಕ್ ಇಳಿಯಾಗಂಟ ಈ ನಿಮ್ಮಜ್ಜಿ ಕಾಯ್ಬೇಕಲ್ಲ, ಉಟ್ಬುಟ್ಟಿದ್ಲು. ಉಟ್ಟಿ ಅಳ್ನೇ ಇಲ್ಲ ಕಣವ್ವ. ಒಳೆ ಸದ್ದಿಗೆ ಎದ್ರಿ, ಕಣ್ಣು ಇಷ್ಟಗಲ ಬುಟ್ಕಂಡು ಸುಮ್ಕಿದ್ಲು. ಕೂಸು ಅಳ್ನಿಲ್ಲ ಅಂತ ಅವ್ರವ್ವ ಅತ್ಲು, ನಾನೂ ಅತ್ತೆ. ಕೊನೀಗೆ ಸೂಲಗಿತ್ತಿ ಬಂದು ಅಂಗಾಲ್ಗೆ ಎಲ್ಡು ತಟ್ಟುದ್ಲು. ಆಗ ಬಾಯ್ ಬುಟ್ಲು ನೋಡು, ಬುಟ್ಟೋಳು ಒಳೆ ಇಳಿಯಾಗಂಟ ಮುಚ್ನಿಲ್ಲ."

ನಾನು ತಲೆ ತಗ್ಗಿಸಿಕೊಂಡು ಸಂಡಿಗೆ ತಿರುಗಿಸಿದೆ. ನನ್ನ ಹೆದರಿಕೆ ನನಗಿಂತ ಒಂದು ದಿನ ದೊಡ್ಡದು ಎಂದು ಗೊತ್ತಾದದ್ದು ಅವತ್ತೇ. ಒಂದು ಲೆಕ್ಕದಲ್ಲಿ ಸಮಾಧಾನವೂ ಆಯಿತು. ಭೀಮನ ಅಮಾವಾಸ್ಯೆಯ ಮಾರನೆಯ ದಿನ ಎಂದರೆ ಇನ್ನೂ ದೂರವಿದೆ, ಜೂನ್ ಒಂದಂತೂ ಅಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ, "ನೋಡ್ದಾ, ಜೂನ್ ಒಂದು ಅಲ್ಲ ಅಂತ ಗೊತ್ತಾಯ್ತಲ್ಲ. ಹೆಡ್‌ಮಿಸ್‌ಗೆ ಹೇಳ್ಬುಡು," ಎಂದೆ. ಹರ್ಷಿತ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಲಿಲ್ಲ. ಕಿಟಕಿಯ ಕಡೆ ತಿರುಗಿ ಕುಳಿತಳು. ಬಹಳ ಹೊತ್ತಿನ ಮೇಲೆ, "ಪರವಾಗಿಲ್ಲ ಅಜ್ಜಿ. ಎಲ್ಲರಿಗೂ ಹೇಳ್ಬಿಟ್ಟಿದ್ದೆ, ಇಲ್ಲ ಅಂತ ಹೇಳ್ತೀನಿ ಬಿಡು," ಎಂದಳು. ಅತ್ತುಕೊಂಡು ಹೇಳಿದ್ದರೆ ಸುಧಾರಿಸಬಹುದಿತ್ತು. ಕುಕ್ಕರಿನ ಮೂರನೆಯ ಕೂಗಿಗೆ ಮುಂಚಿನ ಮೌನದಂತೆ ಇತ್ತು ಅದು. ಆ ಮಗು ಬೆಳಗಿನ ಹೊತ್ತು ಶಾಲೆಯವರೆಲ್ಲರ ಮುಂದೆ ನಿಂತು ನಮ್ಮಜ್ಜಿ ಬರುವುದಿಲ್ಲ ಎಂದು ಹೇಳುವ ಚಿತ್ರ ಕಣ್ಣ ಮುಂದೆ ಬಂತು. ಮೈಕಿನ ಹೆದರಿಕೆ ಒಂದು ತಕ್ಕಡಿಯಲ್ಲಿ, ಈ ಹೆದರಿಕೆ ಇನ್ನೊಂದರಲ್ಲಿ. ನಂಜನಗೂಡು ಬರುವಷ್ಟರಲ್ಲಿ, "ಆಯ್ತು ಬತ್ತೀನಿ, ಕಾರ್ಡಲ್ಲಿರೋ ತಾರೀಖೇ ಇರ್ಲಿ," ಎಂದುಬಿಟ್ಟೆ.

ಆಮೇಲಿನ ದಿನಗಳನ್ನು ಕೇಳಬೇಡಿ. ಹರ್ಷಿತ ನಾಲ್ಕು ವಾಕ್ಯ ಬರೆದುಕೊಟ್ಟಳು. ಎಲ್ಲರಿಗೂ ನಮಸ್ಕಾರ. ಇಂದು ನನ್ನ ಜನ್ಮದಿನ. ಚೆನ್ನಾಗಿ ಓದಿ, ದೊಡ್ಡವರಾಗಿ. ಧನ್ಯವಾದ. ಪಾತ್ರೆ ತೊಳೆಯುತ್ತಾ ಹೇಳಿಕೊಂಡೆ, ಕಸ ಗುಡಿಸುತ್ತಾ ಹೇಳಿಕೊಂಡೆ. ರಾಗಿಮುದ್ದೆ ತಿರುವುವಾಗ ಮಗ ಮಹದೇವ ಬಂದು ಊಟಕ್ಕೆ ಕುಳಿತರೆ ಅವನ ತಟ್ಟೆಗೆ ಮುದ್ದೆ ಇಟ್ಟು, "ಧನ್ಯವಾದ," ಎಂದೆ. ಅವನು ನನ್ನ ಮುಖ ನೋಡಿ, "ಯಾಕವ್ವ, ಮೈ ಹುಷಾರಾಗಿದ್ದೀಯಾ?" ಎಂದು ಹಣೆ ಮುಟ್ಟಿ ನೋಡಿದ. ಜ್ವರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಜೂನ್ ಒಂದರ ಬೆಳಿಗ್ಗೆ ಮೈ ತಣ್ಣಗೇ ಇತ್ತು, ಹಸಿರು ಅಂಚಿನ ಸೀರೆಯುಟ್ಟು ಹೊರಟೆ.

ಶಾಲೆಗೆ ಮಾವಿನ ತೋರಣ ಕಟ್ಟಿದ್ದರು, ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮನೆಯ ಹಿರಿಯರನ್ನು ಕರೆತನ್ನಿ ಎಂದು ಎಲ್ಲ ಮಕ್ಕಳಿಗೂ ಹೇಳಿದ್ದರಂತೆ, ಅಜ್ಜಂದಿರು ಅಜ್ಜಿಯರು ಕುರ್ಚಿ ತುಂಬಿದ್ದರು. ಡ್ರಿಲ್ ಮೇಷ್ಟ್ರು ಮೈಕನ್ನು ಟಪ್ ಟಪ್ ಎಂದು ತಟ್ಟಿ ನೋಡುತ್ತಿದ್ದರು. ಹತ್ತಿರದಿಂದ ನಾನು ಅದನ್ನು ನೋಡಿದ್ದು ಅವತ್ತೇ. ಕಡಜದ ಗೂಡಿನ ಹಾಗೆ ಮೈಯೆಲ್ಲ ತೂತು. ಅದರೊಳಗಿಂದ ಏನು ಹಾರಿ ಬರುತ್ತದೋ ಎಂದು ನಾನು ಕುರ್ಚಿಯನ್ನು ಅರ್ಧ ಮೊಳ ಹಿಂದಕ್ಕೆ ಸರಿಸಿಕೊಂಡೆ. ಪಕ್ಕದಲ್ಲಿ ದೇವನೂರಿನಿಂದ ಬಂದಿದ್ದ ಒಬ್ಬ ಹಿರಿಯರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. "ಎಲ್ಡ್ ನಿಮಿಷ ಅಂದವ್ರೆ, ಮಧ್ಯಾನ ಗಂಟ ಕೂರುಸ್ತಾರೆ ನೋಡಿ ಕಣಕ್ಕ," ಎಂದರು. ಅವರ ಬಾಯಿಗೆ ಸಕ್ಕರೆ ಹಾಕಬೇಕು ಎನ್ನಿಸಿತು. ಸಾಯಂಕಾಲದವರೆಗೂ ಬೇರೆಯವರೇ ಮಾತಾಡಲಿ.

ಹರ್ಷಿತ ಎದ್ದು ಅಯಸ್ಕಾಂತ ಓದಿದಳು, ಹಾಲು ಓದಿದಳು. "ಮೂರನೆಯದಾಗಿ, ನಮ್ಮ ಅಜ್ಜಿ ಹುಟ್ಟಿದ್ದು ಇದೇ ದಿನ," ಎಂದಳು. ಚಪ್ಪಾಳೆ ಬಿತ್ತು. ಹೆಡ್‌ಮಿಸ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ಹುಟ್ಟಿ ಗಂಟೆ ನಿಮಿಷ ಬರೆಸಿಕೊಂಡು ಬಂದ ಕಾಲದವರು. ಅವರಿಗೆ ಖುಷಿಯಾಗಿ, "ಅಜ್ಜಿಯ ಜೊತೆಗೆ ಜೂನ್ ಒಂದರಂದು ಹುಟ್ಟಿದವರು ಇನ್ನೂ ಒಬ್ಬಿಬ್ಬರು ಇದ್ದರೆ ದಯವಿಟ್ಟು ಎದ್ದು ನಿಲ್ಲಿ," ಎಂದರು. ನಾನು ಎದ್ದೆ. ನನ್ನ ಪಕ್ಕದ ದೇವನೂರಿನವರು ಎದ್ದರು. ಅವರ ಹಿಂದಿನವರು ಎದ್ದರು. ಆಮೇಲೆ ಸಾಲು ಸಾಲಾಗಿ ಕುರ್ಚಿಗಳ ಸದ್ದು. ಊರುಗೋಲು ಹಿಡಿದವರು ಎದ್ದರು, ಏಳಲಾರದವರು ಕುಳಿತಲ್ಲೇ ಕೈ ಎತ್ತಿದರು. ಶಾಲೆಯ ಗೇಟಿನ ಕಾವಲುಗಾರ ಅಲ್ಲೇ ನೆಟ್ಟಗೆ ನಿಂತ. ಬಿಸಿಯೂಟದ ನಂಜಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ, "ನಂದೂ ಅದೇಯಾ ಮಿಸ್ಸು," ಎಂದಳು. ಹೆಡ್‌ಮಿಸ್ ಬಾಯಿ ತೆರೆದುಕೊಂಡು ನೋಡಿದರು, ಆಮೇಲೆ ನಕ್ಕರು, ಎಲ್ಲರಿಗೂ ಸೇರಿಸಿ ಒಂದೇ ಚಪ್ಪಾಳೆ ಹೊಡೆಸಿ, "ಎಲ್ಲರೂ ಕುಳಿತುಕೊಳ್ಳಿ, ಈಗ ಮಕ್ಕಳಿಂದ ನೃತ್ಯ," ಎಂದುಬಿಟ್ಟರು.

ನನ್ನ ನಾಲ್ಕು ವಾಕ್ಯವನ್ನು ಎಲ್ಲರೂ ಮರೆತಿದ್ದರು. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿದ ಹಾಗೆ ಕತ್ತು ಹಗುರವಾಯಿತು. ನಂಜುಂಡಪ್ಪನಿಗೂ, ಊರೂರಲ್ಲಿ ಇದ್ದ ಅಷ್ಟೂ ಮೇಷ್ಟ್ರುಗಳಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಹರ್ಷಿತಳನ್ನು ನೋಡಿದೆ. ನೋಡಬಾರದಿತ್ತು. ಅವಳು ನಮ್ಮ ಕುರ್ಚಿಗಳ ಪಕ್ಕದಲ್ಲೇ ಇದ್ದ ಮಕ್ಕಳ ಸಾಲಿಗೆ ವಾಪಸ್ಸು ಹೋಗಿದ್ದಳು. ಪಕ್ಕದ ಹುಡುಗಿ ಅವಳ ಕಡೆ ಬಾಗಿ, "ಎಲ್ಲಾರ ತಾತನೂ ಇವತ್ತೇ ಹುಟ್ಟಿರೋದು ಕಣೇ. ನಿಮ್ಮಜ್ಜಿದೇನ್ ಸ್ಪೆಷಲ್ಲು?" ಎಂದಳು. ಹರ್ಷಿತ ಕೈಯಲ್ಲಿದ್ದ ಹಾಳೆಯನ್ನು ಮಡಿಸಿದಳು, ಮತ್ತೆ ಮಡಿಸಿದಳು, ಇನ್ನು ಮಡಿಸಲು ಬಾರದಷ್ಟು ಚಿಕ್ಕದಾದ ಮೇಲೂ ಬೆರಳಲ್ಲಿ ಒತ್ತುತ್ತಲೇ ಇದ್ದಳು.

ನಾನು ಯಾವಾಗ ಎದ್ದೆನೋ ನನಗೆ ಗೊತ್ತಿಲ್ಲ. ನೃತ್ಯದ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಬರುತ್ತಿದ್ದರು, ನಾನು ಅವರ ನಡುವೆ ನಡೆದುಕೊಂಡು ಹೋಗಿ ಆ ಕಡಜದ ಗೂಡಿನ ಮುಂದೆ ನಿಂತಿದ್ದೆ. ಕಲಿತದ್ದೆಲ್ಲ ಮರೆತುಹೋಗಿತ್ತು, ನಮಸ್ಕಾರ ಕೂಡ. ಹೊಸಿಲಿನ ಮೇಲೆ ಸೇರಕ್ಕಿಯ ಮುಂದೆ ನಿಂತ ಹಾಗೇ ನಿಂತೆ. ಅಂಗಾಲಿಗೆ ತಟ್ಟಲು ಸೂಲಗಿತ್ತಿಯೂ ಇಲ್ಲ. ಕೊನೆಗೆ ಗಂಟಲಿಂದ ಬಂದದ್ದು, "ನಾನು ಇವತ್ತು ಉಟ್ಟಿಲ್ಲ," ಎಂಬ ಮಾತು. ಮೈಕು ಅದನ್ನು ಕಪಿಲೆಯ ಆಚೆ ದಡಕ್ಕೂ ಕೇಳಿಸುವ ಹಾಗೆ ಹೇಳಿತು. ದೇವನೂರಿನ ಹಿರಿಯರು ಕುಳಿತಲ್ಲಿಂದಲೇ, "ನಾವೂ ಉಟ್ಟಿಲ್ಲ ಬುಡಕ್ಕ, ಮೇಷ್ಟ್ರು ಉಟ್ಸಿದ್ದು," ಎಂದರು. ಎಲ್ಲರೂ ನಕ್ಕರು. ಆ ನಗುವಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸದಂತಾಗಿ ಸ್ವಲ್ಪ ಧೈರ್ಯ ಬಂತು. "ನಾನು ಹುಟ್ಟಿದ್ದು ಭೀಮನ ಅಮಾವಾಸ್ಯೆ ಮಾರನೇ ದಿನ. ಹಿಂದಿನ ದಿನ ಕಪಿಲೆ ನಮ್ಮ ಬೀದಿಗೆ ಬಂದಿತ್ತು. ನಮ್ಮಪ್ಪನ ಬದನೆ ಪೈರು ಕೊಚ್ಚಿಕೊಂಡು ಹೋಗಿತ್ತು," ಎಂದೆ. ಅಷ್ಟೇ ನನಗೆ ಇದ್ದದ್ದು. ಕುಳಿತುಕೊಳ್ಳಲು ತಿರುಗಿದೆ.

ಆಗ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದ ಒಂದು ಪುಟ್ಟ ಮಗು, "ಆಮೇಲೆ?" ಎಂದಿತು.

ಮಕ್ಕಳೇ, ಅದೊಂದು ಮಾತನ್ನು ತಡೆದುಕೊಳ್ಳುವ ಶಕ್ತಿ ಪ್ರಪಂಚದ ಯಾವ ಅಜ್ಜಿಗೂ ಇಲ್ಲ. ನಾನು ತಿರುಗಿ ನಿಂತೆ. ಹರಿಗೋಲು ಹೇಗೆ ಬುಗುರಿಯ ಹಾಗೆ ಸುತ್ತಿತು, ಸೂಲಗಿತ್ತಿ ಹೇಗೆ ಅದರೊಳಗೆ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು, ಕೂಸು ಅಳದೆ ಮನೆಯವರೆಲ್ಲ ಹೇಗೆ ಅತ್ತರು. ಅಲ್ಲಿಂದ ಕಿವಿ ಜಗ್ಗಿದ ಕತೆಗೆ ಹೋದೆ, ಕಿವಿಯಿಂದ ಹೊಸಿಲಿಗೆ, ಹೊಸಿಲಿನಿಂದ ಹಾರ ಹಾಕಿಸಿಕೊಂಡವರೇ ಹಾರ ಹಾಕಿದ ಕತೆಗೆ. ಯಾರೋ ನನ್ನ ಸೆರಗು ಎಳೆದ ಹಾಗಾಯಿತು, ನೃತ್ಯದ ಮಗು ಇರಬೇಕು, ಗೆಜ್ಜೆ ಬಿಚ್ಚಿಕೊಳ್ಳಬಹುದೇ ಎಂದು ಕೇಳುತ್ತಿತ್ತು. ಡ್ರಿಲ್ ಮೇಷ್ಟ್ರು ಒಮ್ಮೆ ಕೆಮ್ಮಿದರು. ನಾನು ನಿಲ್ಲಲಿಲ್ಲ. ಕೊನೆಗೆ ಹೆಡ್‌ಮಿಸ್ ಸನ್ನೆ ಮಾಡಿ ಊಟದ ಗಂಟೆ ಹೊಡೆಸಬೇಕಾಯಿತು. ಗಂಟೆಯ ಸದ್ದು ಮುಗಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು, "ಅಜ್ಜಿ, ಉಳಿದದ್ದನ್ನ ಭೀಮನ ಅಮಾವಾಸ್ಯೆ ಮಾರನೇ ದಿನ ಬಂದು ಹೇಳ್ತೀರ. ನಿಮ್ಮ ನಿಜವಾದ ಹುಟ್ಟುಹಬ್ಬ, ಪೂರ್ತಿ ಒಂದು ಪೀರಿಯಡ್ ನಿಮ್ಮದೇ," ಎಂದರು. ಹರ್ಷಿತ ಆ ಹಾಳೆಯನ್ನು ಬಿಡಿಸಿ, ಮಡಿಕೆಗಳನ್ನು ತೊಡೆಯ ಮೇಲೆ ತಿಕ್ಕಿ ನೇರ ಮಾಡುತ್ತಿದ್ದಳು. ಪಕ್ಕದ ಹುಡುಗಿಗೆ ಏನೋ ಹೇಳುತ್ತಿದ್ದಳು. ಏನೆಂದು ನನಗೆ ಕೇಳಿಸಲಿಲ್ಲ, ಆದರೆ ಆ ಹುಡುಗಿ ಹಾಳೆಯ ಒಂದು ತುದಿ ಹಿಡಿದುಕೊಂಡಿದ್ದಳು.

ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಎಚ್ಚರವಾಯಿತು. ತಪ್ಪಿಸಿಕೊಂಡಿದ್ದವಳು ನಾನೇ ಎದ್ದು ಹೋಗಿ ಸಿಕ್ಕಿಹಾಕಿಕೊಂಡಿದ್ದೆ. ನಾಲ್ಕು ವಾಕ್ಯವಿದ್ದದ್ದು ಒಂದು ಪೀರಿಯಡ್ ಆಗಿತ್ತು. ಅವತ್ತಿನಿಂದ ನನ್ನ ಪ್ರಾರ್ಥನೆ ಶುರುವಾಯಿತು. ಜೋರು ಮಳೆ ಬಂದರೆ ಶಾಲೆಗೆ ರಜೆ ಕೊಡುತ್ತಾರಲ್ಲ, ನಂಜುಂಡಪ್ಪ, ಆ ಒಂದು ದಿನ ಮಳೆ ಬರಿಸು ಎಂದೆ. ಬೇಡಿಕೊಂಡ ಮೇಲೆ ನಂಜನಗೂಡಿನ ಹೊಳೆದಂಡೆಯ ಮನೆಗಳು, ನನ್ನ ತವರಿನ ಕೆಳಗಲ ಬೀದಿ, ಯಾರದೋ ಬದನೆ ಪೈರು ಎಲ್ಲ ನೆನಪಾಗಿ ಜೀವ ಹಾರಿತು. ಒಂದು ಪೀರಿಯಡ್ ಮಾತಾಡುವ ಹೆದರಿಕೆಗೆ ಹೊಳೆಯನ್ನೇ ಕರೆಯುವ ಹೆಂಗಸು ಎಂಥವಳು? ಬೇಡಪ್ಪ, ಹೊಳೆ ಬೇಡ, ಬರೀ ಜಡಿಮಳೆ ಸಾಕು, ಮೇಷ್ಟ್ರುಗಳಿಗೆ ಬೇಜಾರಾಗುವಷ್ಟು ಮಾತ್ರ ಎಂದು ತಿದ್ದಿ ಬೇಡಿಕೊಂಡೆ.

ಇವತ್ತು ಭೀಮನ ಅಮಾವಾಸ್ಯೆ. ಅದಕ್ಕೇ ಇದನ್ನು ಬರೆಯುತ್ತಾ ಕುಳಿತಿದ್ದೇನೆ. ಬೆಳಗಿನಿಂದ ಜಡಿಮಳೆ. ನಾನು ಹೇಗೆ ಬೇಡಿಕೊಂಡಿದ್ದೆನೋ ಹಾಗೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈಗ ತಾನೇ ಮಹದೇವ ಕೆಲಸ ಮುಗಿಸಿ ಬಂದು ತಲೆ ಒರೆಸಿಕೊಳ್ಳುತ್ತಾ, "ಬೆಳಿಗ್ಗೆ ಹಿಂಗೇ ಇದ್ರೆ ನಾಳೆ ರಜಾ ಕೊಟ್ರೂ ಕೊಟ್ಟಾರು ಕಣವ್ವ, ನಿಂಗೆ ಬಚಾವು," ಎಂದ. ಒಲೆಯ ಮೇಲೆ ಕುಕ್ಕರ್ ಎರಡು ಸಲ ಕೂಗಿ ಸುಮ್ಮನಾಗಿತ್ತು. ಅದರ ಮುಂದೆ ಸೌಟು ಹಿಡಿದು ನಿಂತು, ಹರಿಗೋಲು ಸುತ್ತುವ ಜಾಗದಲ್ಲಿ ದನಿ ಎಲ್ಲಿ ಇಳಿಸಬೇಕು ಎಂದು ನೋಡಿಕೊಳ್ಳುತ್ತಿದ್ದವಳಿಗೆ ಎದೆ ಧಸಕ್ಕೆಂದಿತು. ನಾಳೆ ರಜೆ ಕೊಟ್ಟುಬಿಟ್ಟರೆ ಏನು ಗತಿ? ಹೊರಗೆ ಹೋಗಿ ಆಕಾಶ ನೋಡಿ ಬಂದೆ, ಮತ್ತೆ ಹೋಗಿ ನೋಡಿ ಬಂದೆ. ನನ್ನ ಓರಗಿತ್ತಿ ಮನೆ ಬಿಟ್ಟು ಹೋಗಿಲ್ಲ ಮಕ್ಕಳೇ. ಮಗ್ಗುಲು ಬದಲಾಯಿಸಿದ್ದಾಳೆ, ಅಷ್ಟೆ.